ಕಿವಿಯಿಂದ ನೋಡುವ ಚಿತ್ರ



ನೀವೇ ಮನೆಯಲ್ಲಿ ಮಾಡಿ ನೋಡಬಹುದಾದ ಒಂದು ಸಣ್ಣ ಪ್ರಯೋಗದಿಂದ ನನ್ನ ಮಾತನ್ನು ಆರಂಭಿಸುತ್ತೇನೆ. ಹೆದರಿಕೆ ಹುಟ್ಟಿಸುವ ಯಾವುದಾದರೊಂದು ಚಲನಚಿತ್ರವನ್ನು ಆರಿಸಿಕೊಳ್ಳಿ. ದೆವ್ವದ ಚಿತ್ರವಾದರೆ ಇನ್ನೂ ಒಳ್ಳೆಯದು. ನಾಯಕಿ ಕತ್ತಲೆಯ ಮನೆಯಲ್ಲಿ ಒಬ್ಬಳೇ ಮೆಟ್ಟಿಲು ಹತ್ತುವ ದೃಶ್ಯ ಬರುತ್ತದಲ್ಲವೆ, ಆಗ ಧ್ವನಿಯನ್ನು ಪೂರ್ತಿಯಾಗಿ ನಿಲ್ಲಿಸಿ. ಈಗ ತೆರೆಯ ಮೇಲೆ ಉಳಿದದ್ದೇನು? ಒಬ್ಬ ಹೆಣ್ಣುಮಗಳು ಮೆಟ್ಟಿಲು ಹತ್ತುತ್ತಿದ್ದಾಳೆ, ಅಷ್ಟೆ. ಅದೇ ದೃಶ್ಯವನ್ನು ಇನ್ನೊಮ್ಮೆ ಹಾಕಿ. ಈ ಸಲ ಧ್ವನಿ ಇರಲಿ, ನೀವು ಕಣ್ಣು ಮುಚ್ಚಿಕೊಳ್ಳಿ. ಭಯ ಎಲ್ಲಿಯೂ ಹೋಗಿಲ್ಲ, ಅಲ್ಲಿಯೇ ಇದೆ!

ನಾವೆಲ್ಲ 'ಸಿನಿಮಾ ನೋಡಿದೆ' ಎನ್ನುತ್ತೇವೆ. 'ಸಿನಿಮಾ ಕೇಳಿದೆ' ಎಂದು ಯಾರೂ ಹೇಳುವುದಿಲ್ಲ. ಆದರೆ ನಾವು ಏನನ್ನು ನೋಡಿದೆವು ಎಂಬುದನ್ನು ಬಹಳ ಸಲ ತೀರ್ಮಾನಿಸುವುದು ನಮ್ಮ ಕಿವಿ. ಇದು ಬರಿಯ ಅಲಂಕಾರದ ಮಾತಲ್ಲ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ತೆರೆಯ ಮೇಲೆ ಎರಡು ಚುಕ್ಕೆಗಳು ಎದುರುಬದುರಾಗಿ ಬರುತ್ತವೆ, ಮಧ್ಯದಲ್ಲಿ ಒಂದರ ಮೇಲೊಂದು ಕೂಡುತ್ತವೆ, ಮತ್ತೆ ದೂರ ಸರಿಯುತ್ತವೆ. ಶಬ್ದವಿಲ್ಲದೆ ನೋಡಿದವರಲ್ಲಿ ಹೆಚ್ಚಿನವರು ಅವು ಒಂದನ್ನೊಂದು ದಾಟಿ ಹೋದವು ಎನ್ನುತ್ತಾರೆ. ಅವು ಕೂಡುವ ಕ್ಷಣಕ್ಕೆ ಸರಿಯಾಗಿ 'ಟಕ್' ಎಂಬ ಶಬ್ದ ಸೇರಿಸಿದರೆ ಅನೇಕರಿಗೆ ಅವು ಡಿಕ್ಕಿ ಹೊಡೆದು ಹಿಂದಕ್ಕೆ ಪುಟಿದಂತೆ ಕಾಣುತ್ತದೆ. ಚಿತ್ರ ಬದಲಾಗಿಲ್ಲ; ಬದಲಾದದ್ದು ಶಬ್ದ ಮಾತ್ರ. ಚಲನಚಿತ್ರದ ಶಬ್ದ ತಂತ್ರದ ಅರ್ಧ ಗುಟ್ಟು ಈ 'ಟಕ್'ನಲ್ಲಿದೆ.

ನಾನು ಕಾಲೇಜಿನಲ್ಲಿ ಓದಿದ್ದು ಭೌತವಿಜ್ಞಾನ. ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ, ಅದರ ವೇಗ ಸೆಕೆಂಡಿಗೆ ಸುಮಾರು 340 ಮೀಟರು, ಮನುಷ್ಯನ ಕಿವಿಗೆ ಕೇಳಿಸುವುದು 20ರಿಂದ 20,000 ಹರ್ಟ್ಜ್‌ವರೆಗೆ ಎಂದೆಲ್ಲ ಬರೆದು ಅಂಕ ಪಡೆದಿದ್ದೆ. ಸ್ಟುಡಿಯೋಕ್ಕೆ ಬಂದ ಮೇಲೆ ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಸಂಗತಿ ತಿಳಿಯಿತು. ನಮ್ಮ ಕಿವಿ ಆಯ್ದು ಕೇಳುತ್ತದೆ, ಮೈಕ್ ಹಾಗಲ್ಲ. ಜಾತ್ರೆಯ ಗದ್ದಲದಲ್ಲಿ ಕೂಡ ಗೆಳೆಯನ ಮಾತು ನಿಮಗೆ ಕೇಳಿಸುತ್ತದೆ. ಏಕೆಂದರೆ ನಿಮ್ಮ ಮಿದುಳು ಬೇಡವಾದ ಸದ್ದನ್ನೆಲ್ಲ ಹಿಂದಕ್ಕೆ ತಳ್ಳಿರುತ್ತದೆ. ಅದೇ ಜಾಗದಲ್ಲಿ ಒಂದು ಮೈಕ್ ಇಟ್ಟರೆ ಅದು ಗೆಳೆಯನ ಮಾತು, ಪೀಪಿಯ ಸದ್ದು, ಜನರೇಟರಿನ ಗುಡುಗುಡು ಎಲ್ಲವನ್ನೂ ಸಮಾನವಾಗಿ ನುಂಗುತ್ತದೆ. ಆದ್ದರಿಂದ ಕಿವಿ ತಾನಾಗಿ ಮಾಡುವ ಆಯ್ಕೆಯನ್ನು ಚಿತ್ರ ಮಾಡುವವರು ಕೈಯಾರೆ ಮಾಡಬೇಕಾಗುತ್ತದೆ.

ಹಿಂದಿನವರಿಗೆ ಈ ಕೆಲಸ ಎಷ್ಟು ಕಷ್ಟವಾಗಿತ್ತು ನೋಡಿ. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ 1931ರ ಮಾರ್ಚ್ 14ರಂದು ತೆರೆಕಂಡಿತು. ನಿರ್ದೇಶಕರು ಅರ್ದೇಶಿರ್ ಇರಾನಿ. ಸ್ಟುಡಿಯೋದ ಹತ್ತಿರವೇ ರೈಲು ಹಳಿ. ಹಗಲೆಲ್ಲ ರೈಲುಗಳ ಸದ್ದು. ಹೀಗಾಗಿ ರೈಲುಗಳ ಓಡಾಟ ನಿಂತ ಮೇಲೆ, ನಡುರಾತ್ರಿ ಕಳೆದು ಚಿತ್ರೀಕರಣ ನಡೆಸುತ್ತಿದ್ದರು. ಆಮೇಲೆ ಶಬ್ದ ಸೇರಿಸುವ ಸೌಕರ್ಯ ಆಗ ಇರಲಿಲ್ಲ. ಮೈಕನ್ನು ಕ್ಯಾಮೆರಾಕ್ಕೆ ಕಾಣದಂತೆ ಬಚ್ಚಿಡಬೇಕು. ಹಾಡು ಬಂದರೆ ವಾದ್ಯದವರೂ ಎಲ್ಲಾದರೂ ಮರೆಯಲ್ಲಿ ಕುಳಿತು ನುಡಿಸಬೇಕು! ಮೂರು ವರ್ಷದ ನಂತರ, 1934ರಲ್ಲಿ, ವೈ. ವಿ. ರಾವ್ ನಿರ್ದೇಶನದ 'ಸತಿ ಸುಲೋಚನಾ' ಬಂದು ಕನ್ನಡ ತೆರೆಗೂ ಮಾತು ಬಂತು.

ಈಗ ಹಾಗಿಲ್ಲ. ಒಂದೇ ದೃಶ್ಯಕ್ಕೆ ಹತ್ತಾರು ಬಗೆಯ ಶಬ್ದಗಳನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಿ, ಕೊನೆಯಲ್ಲಿ ಹದವಾಗಿ ಬೆರೆಸುತ್ತಾರೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಬ್ಬರು ಗೆಳೆಯರು ಬೆಂಗಳೂರಿನ ಒಂದು ದರ್ಶಿನಿ ಹೋಟೆಲಿನಲ್ಲಿ ನಿಂತು ಕಾಫಿ ಕುಡಿಯುತ್ತ ಜಗಳವಾಡುತ್ತಿದ್ದಾರೆ. ಈ ದೃಶ್ಯಕ್ಕೆ ಯಾವ ಯಾವ ಶಬ್ದ ಬೇಕು?

ಮೊದಲನೆಯದು ಮಾತು. ಚಿತ್ರೀಕರಣದ ಸ್ಥಳದಲ್ಲೇ ಅದನ್ನು ಮುದ್ರಿಸಿಕೊಳ್ಳಬಹುದು. ಇಲ್ಲವೆ ಆಮೇಲೆ ಕಲಾವಿದರು ಸ್ಟುಡಿಯೋದಲ್ಲಿ ಚಿತ್ರ ನೋಡುತ್ತ ತುಟಿಯ ಚಲನೆಗೆ ಹೊಂದಿಸಿ ಮತ್ತೆ ಮಾತನಾಡಬಹುದು. ಎರಡನೆಯದಕ್ಕೆ ಡಬ್ಬಿಂಗ್ ಎನ್ನುತ್ತೇವೆ. ಬಹುಕಾಲ ಭಾರತೀಯ ಚಿತ್ರಗಳಲ್ಲಿ ಅದೇ ರೂಢಿಯಾಗಿತ್ತು. 2001ರ 'ಲಗಾನ್' ಚಿತ್ರದಲ್ಲಿ ಸ್ಥಳದಲ್ಲೇ ಮಾತು ಮುದ್ರಿಸಿದ್ದು ಆಗ ಸುದ್ದಿಯಾಯಿತೆಂದರೆ ಆ ರೂಢಿ ಎಷ್ಟು ಗಟ್ಟಿಯಾಗಿತ್ತೆಂದು ಊಹಿಸಬಹುದು. ಚಿತ್ರೀಕರಣದ ಮುಂಚೆ ಕರಿಹಲಗೆಯಂಥ ಒಂದು ಪಟ್ಟಿಯನ್ನು 'ಟಪ್' ಎಂದು ಬಡಿಯುವುದನ್ನು ನೀವು ನೋಡಿರಬಹುದು. ಅದು ಬರಿಯ ಶಾಸ್ತ್ರವಲ್ಲ. ಚಿತ್ರ ಮತ್ತು ಶಬ್ದ ಬೇರೆ ಬೇರೆ ಯಂತ್ರದಲ್ಲಿ ದಾಖಲಾಗಿರುತ್ತವೆ. ಪಟ್ಟಿ ಮುಚ್ಚಿದ ಚೌಕಟ್ಟನ್ನೂ 'ಟಪ್' ಶಬ್ದವನ್ನೂ ಒಂದೇ ಗೆರೆಗೆ ತಂದರೆ ಮುಂದಿನ ಮಾತೆಲ್ಲ ತುಟಿಗೆ ಕೂಡಿಕೊಳ್ಳುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಚಲನಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಒಂದು ಚೌಕಟ್ಟಿನ ಆಯುಷ್ಯ ಸುಮಾರು 42 ಮಿಲಿಸೆಕೆಂಡು. ಅಷ್ಟರಲ್ಲಿ ಶಬ್ದ ಸಾಗುವ ದೂರ ಸುಮಾರು 14 ಮೀಟರು. ಅಂದರೆ ದೊಡ್ಡ ಚಿತ್ರಮಂದಿರದಲ್ಲಿ ತೆರೆಯಿಂದ 28 ಮೀಟರು ಹಿಂದೆ ಕುಳಿತವರಿಗೆ ಮಾತು ಎರಡು ಚೌಕಟ್ಟು ತಡವಾಗಿ ತಲುಪುತ್ತದೆ. ಆದರೂ ಅವರಿಗೆ ಅದು ಗೊತ್ತಾಗುವುದಿಲ್ಲ. ದೂರದಲ್ಲಿ ಬಟ್ಟೆ ಒಗೆಯುವವರ ಕೈ ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಮಿಂಚು ಮೊದಲು, ಗುಡುಗು ಆಮೇಲೆ. ತಡವಾಗಿ ಬರುವ ಶಬ್ದಕ್ಕೆ ನಮ್ಮ ಮಿದುಳು ಹೊಂದಿಕೊಂಡಿದೆ. ಚಿತ್ರಕ್ಕಿಂತ ಮೊದಲೇ ಶಬ್ದ ಬಂದರೆ ಮಾತ್ರ ಅದು ಬೇಗ ತಕರಾರು ತೆಗೆಯುತ್ತದೆ.

ಎರಡನೆಯದು ಕ್ರಿಯೆಯ ಶಬ್ದ. ಕಾಫಿ ಲೋಟವನ್ನು ಕಲ್ಲಿನ ಮೇಜಿನ ಮೇಲೆ ಇಟ್ಟ ಸದ್ದು, ಚಪ್ಪಲಿಯ ಸದ್ದು, ಅಂಗಿಯ ತೋಳು ಉಜ್ಜಿದ ಸದ್ದು. ಇವನ್ನು ಬಹಳ ಸಲ ಸ್ಟುಡಿಯೋದಲ್ಲಿ ಚಿತ್ರ ನೋಡುತ್ತಲೇ ಕೈಕಾಲುಗಳಿಂದ ಮಾಡುತ್ತಾರೆ. ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಈ ಕೆಲಸವನ್ನು ಬೆಳೆಸಿದವರು ಜ್ಯಾಕ್ ಫೋಲಿ. ಅವರ ಹೆಸರಿನಿಂದಲೇ ಇದನ್ನು ಇಂದಿಗೂ 'ಫೋಲಿ' ಎಂದು ಕರೆಯುತ್ತಾರೆ. ಇದರಲ್ಲಿರುವ ತಮಾಷೆಯೆಂದರೆ, ನಿಜವಾದ ವಸ್ತುವಿನ ಸದ್ದು ಎಷ್ಟೋ ಸಲ ನಿಜವೆನಿಸುವುದಿಲ್ಲ! ಕುದುರೆಯ ಗೊರಸಿಗೆ ತೆಂಗಿನ ಚಿಪ್ಪು, ಹಿಮದ ಮೇಲಿನ ನಡಿಗೆಗೆ ಚರ್ಮದ ಚೀಲದಲ್ಲಿ ತುಂಬಿದ ಮೆಕ್ಕೆಜೋಳದ ಪಿಷ್ಟ, ಹಕ್ಕಿಯ ರೆಕ್ಕೆಗೆ ಒಂದು ಜೊತೆ ಕೈಗವಸು ಇವೆಲ್ಲ ಹಳೆಯ ವಿದ್ಯೆಗಳು. ಹಿಚ್‌ಕಾಕ್ ಅವರ 'ಸೈಕೋ' (1960) ಚಿತ್ರದ ಕೊಲೆಯ ದೃಶ್ಯದಲ್ಲಿ ಕೇಳುವ ಇರಿತದ ಸದ್ದು ಒಂದು ಜಾತಿಯ ಕರಬೂಜದ ಹಣ್ಣಿಗೆ ಚಾಕು ಹಾಕಿ ಪಡೆದದ್ದು. ಹಣ್ಣಿನ ಸದ್ದು ಕೇಳಿ ಜಗತ್ತೇ ಬೆಚ್ಚಿತು.

ಮೂರನೆಯದು ಪರಿಸರದ ಶಬ್ದ. ಹೋಟೆಲಿನ ಇತರ ಗಿರಾಕಿಗಳ ಗುಜುಗುಜು, ಒಳಗೆ ದೋಸೆ ಕಾವಲಿಯ 'ಚುಂಯ್', ಹೊರಗೆ ಆಟೋಗಳು. ಯಾರೂ ಇದನ್ನು ಗಮನವಿಟ್ಟು ಕೇಳುವುದಿಲ್ಲ. ಆದರೆ ಇದು ಇಲ್ಲದಿದ್ದರೆ ಜಾಗವೇ ಇಲ್ಲ. ಖಾಲಿ ಕೋಣೆಗೆ ಕೂಡ ತನ್ನದೇ ಆದ ಒಂದು ಸದ್ದಿದೆ. ಅದಕ್ಕಾಗಿಯೇ ಚಿತ್ರೀಕರಣ ಮುಗಿದ ಮೇಲೆ ಎಲ್ಲರೂ ಒಂದು ನಿಮಿಷ ಬಾಯಿ ಮುಚ್ಚಿ ನಿಂತು ಆ ಜಾಗದ ಸದ್ದನ್ನಷ್ಟೇ ಮುದ್ರಿಸಿಕೊಳ್ಳುವ ಪದ್ಧತಿ ಇದೆ. ಸಂಕಲನದಲ್ಲಿ ಮಾತಿನ ತುಣುಕುಗಳ ನಡುವಣ ಬಿರುಕನ್ನು ಮುಚ್ಚುವುದು ಈ ಒಂದು ನಿಮಿಷವೇ. ಇದರ ಮಾತನ್ನು ನಾನು ಕೊನೆಯಲ್ಲಿ ಮತ್ತೆ ಎತ್ತುತ್ತೇನೆ.

ಪರಿಸರದ ಶಬ್ದದ ಮಹಿಮೆಯನ್ನು ತಿಳಿಯಬೇಕಾದರೆ ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶಿಸಿದ 'ಪುಷ್ಪಕ ವಿಮಾನ' (1987) ನೋಡಿ. ಬೆಂಗಳೂರಿನಲ್ಲಿ ಚಿತ್ರಿಸಿದ ಈ ಕನ್ನಡ ನಿರ್ಮಾಣದಲ್ಲಿ ಸಂಭಾಷಣೆ ಇಲ್ಲ. ಆದರೆ ಅದು ಮೂಕಿ ಚಿತ್ರವಲ್ಲ, ತುಂಬ ಶಬ್ದವಿದೆ. ಕಮಲಹಾಸನ್ ಪಾತ್ರದ ನಿರುದ್ಯೋಗಿ ಯುವಕ ಚಿತ್ರಮಂದಿರದ ಪಕ್ಕದ ಕೋಣೆಯೊಂದರಲ್ಲಿ ಇರುವವನು. ರಾತ್ರಿಯೆಲ್ಲ ಸಿನಿಮಾದ ಹೊಡೆದಾಟದ ಸದ್ದು ಕೇಳುತ್ತಲೇ ನಿದ್ದೆ ಮಾಡುವ ಅಭ್ಯಾಸ. ಅದೃಷ್ಟ ಖುಲಾಯಿಸಿ ದೊಡ್ಡ ಹೋಟೆಲಿನ ಮೆತ್ತನೆಯ ಹಾಸಿಗೆ ಸಿಕ್ಕಾಗ, ಅಲ್ಲಿನ ನಿಶ್ಶಬ್ದದಲ್ಲಿ ಅವನಿಗೆ ನಿದ್ದೆಯೇ ಬರುವುದಿಲ್ಲ. ಕಡೆಗೆ ಹಳೆಯ ಜಾಗಕ್ಕೆ ಹೋಗಿ ಆ ಗದ್ದಲವನ್ನು ಟೇಪ್ ರೆಕಾರ್ಡರಿನಲ್ಲಿ ತುಂಬಿಸಿಕೊಂಡು ಬಂದು, ಹಾಸಿಗೆಯ ಬಳಿ ಹಾಕಿಕೊಂಡು ಮಲಗುತ್ತಾನೆ! ನಾವು ನಗುತ್ತೇವೆ. ಆದರೆ ಬಡತನ, ಅಭ್ಯಾಸ, ಪರಕೀಯತೆ ಇಷ್ಟನ್ನೂ ಒಂದು ಮಾತೂ ಇಲ್ಲದೆ ಆ ಟೇಪು ಹೇಳಿಬಿಟ್ಟಿದೆ.

ನಾಲ್ಕನೆಯದು ಸಂಗೀತ. ಇದರಲ್ಲಿ ಎರಡು ಬಗೆ. ನಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದ ರೇಡಿಯೋದಲ್ಲಿ ಹಾಡು ಬರುತ್ತಿದ್ದರೆ ಅದು ಕಥೆಯ ಒಳಗಿನ ಸಂಗೀತ. ಆ ಗೆಳೆಯರಿಗೂ ಕೇಳಿಸುತ್ತದೆ. ಜಗಳ ಬಿಸಿಯಾದಾಗ ಪಿಟೀಲುಗಳು ಮೊರೆದರೆ ಅದು ಕಥೆಯ ಹೊರಗಿನದು. ನಮಗೆ ಮಾತ್ರ ಕೇಳಿಸುತ್ತದೆ. ಬಿ. ವಿ. ಕಾರಂತರು ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಮಾಡಿದ 'ಚೋಮನ ದುಡಿ' (1975) ಒಳಗಿನ ಶಬ್ದಕ್ಕೆ ಒಳ್ಳೆಯ ಉದಾಹರಣೆ. ಸ್ವಂತ ನೆಲ ಉಳುವ ಆಸೆ ಕೈಗೂಡದ ಚೋಮನ ಸಿಟ್ಟು, ದುಃಖ ಎರಡೂ ಅವನ ದುಡಿಯ ಬಡಿತದಲ್ಲೇ ಹೊರಬರುತ್ತವೆ.

ಹೊರಗಿನ ಸಂಗೀತಕ್ಕೆ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' (1955) ನೋಡಬೇಕು. ಊರಿಗೆ ಹೋಗಿದ್ದ ತಂದೆ ತಿರುಗಿ ಬಂದಿದ್ದಾನೆ. ಮಗಳು ದುರ್ಗಾ ತೀರಿಕೊಂಡ ವಿಷಯ ಅವನಿಗೆ ತಿಳಿಯದು. ಅವಳಿಗಾಗಿ ತಂದ ಸೀರೆಯನ್ನು ತೆಗೆದು ತೋರಿಸುತ್ತಾನೆ. ತಾಯಿ ಬಿಕ್ಕಿ ಅಳುತ್ತಾಳೆ. ಅಳುವುದು ಕಾಣುತ್ತದೆ, ಆದರೆ ಅಳುವಿನ ಧ್ವನಿ ಕೇಳಿಸುವುದಿಲ್ಲ. ಆ ಜಾಗದಲ್ಲಿ ತಾರ್ ಶಹನಾಯಿ ಎಂಬ ವಾದ್ಯದ ಎತ್ತರದ ಸ್ವರ ಚೀರಿಕೊಳ್ಳುತ್ತದೆ. ನಿಜವಾದ ಅಳುವನ್ನು ತೆಗೆದುಹಾಕಿದ್ದರಿಂದ ಅಳು ಕಡಿಮೆಯಾಯಿತೆ? ಆ ದೃಶ್ಯ ನೋಡಿದವರು ಉತ್ತರ ಹೇಳಬಲ್ಲರು.

ಚಿತ್ರದ ಚೌಕಟ್ಟಿಗೆ ನಾಲ್ಕು ಅಂಚುಗಳಿವೆ, ಶಬ್ದಕ್ಕೆ ಅಂಚಿಲ್ಲ. ತೆರೆಯ ಮೇಲೆ ಕಾಣದ್ದನ್ನೂ ಶಬ್ದ ಒಳಗೆ ತರಬಲ್ಲದು. 2023ರಲ್ಲಿ ಬಂದ ಜೊನಾಥನ್ ಗ್ಲೇಜರ್ ಅವರ 'ದಿ ಜೋನ್ ಆಫ್ ಇಂಟರೆಸ್ಟ್' ಇದಕ್ಕೆ ಇತ್ತೀಚಿನ ನಿದರ್ಶನ. ಎರಡನೆಯ ಮಹಾಯುದ್ಧದ ಕಾಲದ ಔಶ್ವಿಟ್ಸ್ ಯಾತನಾ ಶಿಬಿರದ ಅಧಿಕಾರಿಯ ಮನೆ. ಹೂದೋಟ, ಮಕ್ಕಳ ಆಟ, ಊಟ. ಗೋಡೆಯಾಚೆ ಶಿಬಿರ. ಅಲ್ಲಿ ನಡೆಯುವ ಹತ್ಯೆಯನ್ನು ಕ್ಯಾಮೆರಾ ತೋರಿಸುವುದಿಲ್ಲ. ದೂರದ ಗುಂಡಿನ ಸದ್ದು, ಕೂಗು, ಎಡೆಬಿಡದ ಯಂತ್ರದ ಮೊರೆತ ಮಾತ್ರ ಕೇಳುತ್ತಿರುತ್ತವೆ. ಆ ಮನೆಯವರು ಅದನ್ನು ಕೇಳಿಸಿಕೊಳ್ಳದಂತೆ ಬದುಕುತ್ತಿರುತ್ತಾರೆ. ಈ ಚಿತ್ರಕ್ಕೆ 2024ರಲ್ಲಿ ಧ್ವನಿಗಾಗಿ ಆಸ್ಕರ್ ಪ್ರಶಸ್ತಿ ಬಂತು. ಆಯ್ದು ಕೇಳುವ ಕಿವಿಯ ಬಗ್ಗೆ ಮೊದಲು ಹೇಳಿದೆನಲ್ಲ, ಆ ಆಯ್ಕೆ ಎಂಥ ಅಪರಾಧವಾಗಬಹುದು ಎಂಬುದನ್ನು ಈ ಚಿತ್ರ ತೋರಿಸಿದೆ.

ಇನ್ನು ಮೌನ. ಇದೂ ಒಂದು ಬಗೆಯ ಶಬ್ದವೇ. ಅಡುಗೆಮನೆಯಲ್ಲಿ ಮಿಕ್ಸಿ ನಿಂತ ಕೂಡಲೇ ಗಡಿಯಾರದ ಟಿಕ್‌ಟಿಕ್ ಕೇಳತೊಡಗುತ್ತದಲ್ಲವೆ? ಮೌನ ಅನುಭವಕ್ಕೆ ಬರಬೇಕಾದರೆ ಅದರ ಹಿಂದೆ ಸದ್ದು ಇರಬೇಕು. ತೆರೆಯ ಮೇಲಿನ ಮೌನದಲ್ಲೂ ಒಂದು ಜೀರುಂಡೆಯನ್ನೋ ದೂರದ ನಾಯಿಯ ಬೊಗಳನ್ನೋ ಸಾಮಾನ್ಯವಾಗಿ ಇಟ್ಟಿರುತ್ತಾರೆ. ಏನೂ ಇಲ್ಲದಿದ್ದರೆ ನೋಡುವವರು ತಮ್ಮ ಪೆಟ್ಟಿಗೆ ಕೆಟ್ಟಿತೆಂದು ಎದ್ದುಹೋಗಿ ತಟ್ಟುತ್ತಾರೆ!

ಮಿತ್ರರೇ, ಇಷ್ಟೆಲ್ಲ ಹೇಳುವ ನಾನು ಒಮ್ಮೆ ಮಾಡಿದ ತಪ್ಪನ್ನೂ ಹೇಳಬೇಕು.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಆಗಷ್ಟೇ ಸ್ವತಂತ್ರವಾಗಿ ಸಾಕ್ಷ್ಯಚಿತ್ರ ಮಾಡತೊಡಗಿದ್ದೆ. ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬೀಸುವ ಪದಗಳನ್ನು ಹೇಳುತ್ತಿದ್ದರು. ಹಿಟ್ಟಿನ ಗಿರಣಿ ಬಂದು ಎಷ್ಟೋ ಕಾಲವಾಗಿದ್ದರೂ ಬೀಸುವ ಕಲ್ಲಿನ ಮುಂದೆ ಕುಳಿತು ಜೋಳ ಹಾಕಿ ತಿರುಗಿಸಿದರೆ ಮಾತ್ರ ಅವರಿಗೆ ಪದ ಬರುತ್ತಿತ್ತು. ಸಂಜೆಯ ಹೊತ್ತು, ಕಿಟಕಿಯಿಂದ ಹೊಂಬಿಸಿಲು ಅವರ ಮುಖದ ಮೇಲೆ ಬಿದ್ದಿತ್ತು. ಅಷ್ಟರಲ್ಲಿ ಕರೆಂಟು ಬಂದು ಪಕ್ಕದ ಹೊಲದ ಪಂಪ್‌ಸೆಟ್ ಶುರುವಾಯಿತು.

ಧ್ವನಿಮುದ್ರಣ ಮಾಡುತ್ತಿದ್ದ ಗೆಳೆಯರು ಕಿವಿಯಿಂದ ಹೆಡ್‌ಫೋನ್ ತೆಗೆದು, "ಸರ್, ಮೋಟಾರು ಕೇಳ್ತಾ ಇದೆ. ಅವರಿಗೆ ಹೇಳಿ ಅರ್ಧ ಗಂಟೆ ನಿಲ್ಲಿಸೋಣ. ಆಮೇಲೆ ಕಲ್ಲಿನ ಸದ್ದನ್ನೂ ಬೇರೆಯಾಗಿ ಒಂದು ನಿಮಿಷ ತಗೋಬೇಕು" ಎಂದರು. ನಾನು, "ಬೆಳಕು ಹೋಗ್ತಾ ಇದೆ, ಮುಗಿಸಿಬಿಡೋಣ" ಎಂದೆ. ನನ್ನ ಕಿವಿಗೆ ಮೋಟಾರು ಕೇಳಿಸಲೇ ಇಲ್ಲ. ನಾನು ಆಯ್ದು ಕೇಳುತ್ತಿದ್ದೆ. ಮೈಕ್ ಎಲ್ಲವನ್ನೂ ಕೇಳುತ್ತಿತ್ತು.

ಸಂಕಲನದ ಕೋಣೆಯಲ್ಲಿ ಗೊತ್ತಾಯಿತು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್. ಮೋಟಾರಿನ ಗುಂಯ್‌ಗುಡುವಿಕೆ 50, 100, 150, 200 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಂದು ಕುಳಿತಿತ್ತು. ಹೆಂಗಸರ ಧ್ವನಿಯ ಮೂಲ ಆವರ್ತನವೂ ಸುಮಾರು 200ರ ಆಸುಪಾಸಿನದು. ಮೋಟಾರನ್ನು ಕತ್ತರಿಸಿದರೆ ಅಜ್ಜಿಯ ಕಂಠವೂ ಕತ್ತರಿಸುತ್ತದೆ. ಮತ್ತೊಮ್ಮೆ ಹೋಗಿ ಮುದ್ರಿಸೋಣವೆಂದು ನಿಶ್ಚಯಿಸಿದೆವು. ಆ ಕೆಲಸ ಈ ಕೆಲಸ ಎಂದು ನಾಲ್ಕು ತಿಂಗಳು ಕಳೆಯಿತು. ಹೊರಡುವ ಮುಂಚೆ ಫೋನು ಮಾಡಿದರೆ, ಅಜ್ಜಿ ಹೋಗಿ ಮೂರು ವಾರವಾಗಿತ್ತು.

ಕಾರ್ಯಕ್ರಮ ಪ್ರಸಾರವಾಯಿತು. ಅಜ್ಜಿ ಬೀಸುವ ದೃಶ್ಯದ ಮೇಲೆ ಕೊಳಲಿನ ಸಂಗೀತ ಹಾಕಿದ್ದೆ. ನೋಡಿದವರು ಚೆನ್ನಾಗಿದೆ ಎಂದರು. ಅಜ್ಜಿಯ ಮಗ ಫೋನು ಮಾಡಿ, "ಅವ್ವನ ಮಾರಿ ಚಲೋ ಬಂದೈತ್ರಿ. ದನಿ ಕೇಳ್ಲಿಲ್ಲಲ್ರಿ" ಎಂದರು. ಅದರಲ್ಲಿ ದೂರು ಇರಲಿಲ್ಲ, ಬರಿಯ ಪ್ರಶ್ನೆ ಇತ್ತು. ನನಗೆ ಉತ್ತರ ಕೊಡಲಾಗಲಿಲ್ಲ.

ಕಳೆದ ವರ್ಷ ಆ ಹಳೆಯ ಮುದ್ರಣವನ್ನು ಮತ್ತೆ ತೆಗೆದೆ. ಈಗ ಗದ್ದಲವನ್ನು ಅಳಿಸುವ ಒಳ್ಳೆಯ ಕಂಪ್ಯೂಟರ್ ತಂತ್ರಾಂಶಗಳಿವೆ. ಮೋಟಾರಿನ ಸದ್ದಿನ ಮಾದರಿ ತೋರಿಸಿ, ಇಂಥದ್ದನ್ನೆಲ್ಲ ತೆಗೆ ಎಂದರೆ ತೆಗೆಯುತ್ತವೆ. ತೆಗೆಯಿತು. ಅಜ್ಜಿಯ ಪದ ಆಶ್ಚರ್ಯವಾಗುವಷ್ಟು ತಿಳಿಯಾಗಿ ಹೊರಬಂತು. ಆದರೆ ಬೀಸುವ ಕಲ್ಲು ಮಾಯವಾಗಿತ್ತು! ಒಂದೇ ಸಮನಾದ ಅದರ ಗರಗರವನ್ನೂ ತಂತ್ರಾಂಶ ಗದ್ದಲವೆಂದು ತಿಳಿದು ಗುಡಿಸಿ ಹಾಕಿತ್ತು. ಆ ದಿನ ಕಲ್ಲಿನ ಸದ್ದನ್ನು ಬೇರೆಯಾಗಿ ಒಂದು ನಿಮಿಷ ತೆಗೆದುಕೊಂಡಿದ್ದರೆ ಪದದ ಕೆಳಗೆ ಅದನ್ನು ಹಾಸಬಹುದಿತ್ತು. ಕಲ್ಲು ಇನ್ನೂ ಅವರ ಹಿತ್ತಲಿನಲ್ಲಿದೆ. ಬೇರೆಯವರಿಂದ ತಿರುಗಿಸಿ ಮುದ್ರಿಸಬಹುದು. ಕಥಾಚಿತ್ರವಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ, ತೆಂಗಿನ ಚಿಪ್ಪಿನಿಂದ ಕುದುರೆ ಓಡಿಸಿದ ಹಾಗೆ. ಇದು ಸಾಕ್ಷ್ಯಚಿತ್ರ; ಆ ಪದದ ಲಯ ಆ ಕೈಯ ಲಯವಾಗಿತ್ತು. ಕಲ್ಲಿಲ್ಲದ ಪದವನ್ನೇ ಮಗನಿಗೆ ಕಳುಹಿಸಿಕೊಟ್ಟೆ.

ಇಷ್ಟು ಹೇಳಿದ ಮೇಲೆ ನಿಮಗೆ ಎರಡು ಕೆಲಸ ಕೊಟ್ಟು ಮಾತು ಮುಗಿಸುತ್ತೇನೆ. ಒಂದು: ನಿಮ್ಮ ಮನೆಯಲ್ಲಿ ಐದು ನಿಮಿಷ ಕಣ್ಣು ಮುಚ್ಚಿ ಕುಳಿತು ಕೇಳಿದ ಸದ್ದುಗಳನ್ನೆಲ್ಲ ಪಟ್ಟಿ ಮಾಡಿ. ಅವುಗಳಲ್ಲಿ ಮಾತು ಯಾವುದು, ಕ್ರಿಯೆ ಯಾವುದು, ಪರಿಸರ ಯಾವುದು, ಸಂಗೀತ ಯಾವುದು ಎಂದು ವಿಂಗಡಿಸಿ. ಪಟ್ಟಿ ನೀವು ಎಣಿಸಿದ್ದಕ್ಕಿಂತ ಉದ್ದವಾಗುತ್ತದೆ. ಎರಡು: ಈಗ ಬಹುತೇಕ ಮನೆಗಳಲ್ಲಿ ಮೊಬೈಲ್ ಫೋನಿದೆ, ಅದರಲ್ಲಿ ಮೈಕಿದೆ. ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿ ಒಂದು ಹಾಡನ್ನೋ ಕಥೆಯನ್ನೋ ಹೇಳಿಸಿ. ಫೋನನ್ನು ಅವರ ಬಾಯಿಗೆ ಒಂದು ಮೊಳದಷ್ಟು ಹತ್ತಿರ ಇಡಿ. ದೂರ ಎರಡರಷ್ಟಾದರೆ ನೇರವಾಗಿ ಬರುವ ಶಬ್ದದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ನೀವು ಓದಿಯೇ ಇದ್ದೀರಿ. ಮುದ್ರಿಸುವ ಮೊದಲು ಫ್ಯಾನು ನಿಲ್ಲಿಸಿ. ಮುಗಿದ ಮೇಲೆ ಯಾರೂ ಮಾತನಾಡದೆ ಇನ್ನೊಂದು ನಿಮಿಷ ಹಾಗೆಯೇ ಬಿಡಿ.

ಆ ಒಂದು ನಿಮಿಷದಲ್ಲಿ ಏನೂ ಇಲ್ಲವೆಂದು ನಿಮಗೆ ಅನಿಸಬಹುದು. ಅದನ್ನು ಅಳಿಸಬೇಡಿ.